ತರಲಾ ದಲಾಲ್ ಅವರ ಅಡುಗೆ ಪುಸ್ತಕಗಳು ಮತ್ತು ನಮ್ಮ ಜೈನ ಅಡುಗೆಮನೆ

ಟಿ.ವಿ. ಅಡುಗೆ ಕಾರ್ಯಕ್ರಮಗಳಿಂದ ದೇಶದ ಮನೆಮನೆಗೂ ಪರಿಚಿತರಾದವರು ಶ್ರೀಮತಿ ತರಲಾ ದಲಾಲ್. 1936ರಲ್ಲಿ ಪುಣೆಯಲ್ಲಿ ಜನಿಸಿದ ಇವರು ಮದುವೆಯ ನಂತರ ಮುಂಬಯಿಯಲ್ಲಿ ನೆಲೆಸಿ, 1966ರಲ್ಲಿ ಮನೆಯಲ್ಲಿಯೇ ಅಡುಗೆ ತರಗತಿ ಆರಂಭಿಸಿದರು. ಮೊದಲ ಪುಸ್ತಕ 1974ರಲ್ಲಿ ಬಂತು. ನಂತರ ನೂರಕ್ಕೂ ಹೆಚ್ಚು ಪುಸ್ತಕಗಳು ಬಂದವು. 2007ರಲ್ಲಿ ಪದ್ಮಶ್ರೀ ದೊರೆಯಿತು. 2013ರಲ್ಲಿ ಅವರು ನಿಧನರಾದರು.

ಈ ಪುಸ್ತಕಗಳು ಜೈನ ಮನೆಗಳಿಗೆ ಹಿಡಿಸಲು ಕಾರಣ ಸರಳ. ಎಲ್ಲವೂ ಸಸ್ಯಾಹಾರ. ಅಳತೆ ಕಪ್ಪು, ಚಮಚದಲ್ಲಿದೆ. ಹೊಸದಾಗಿ ಬಂದ ಸೊಸೆಯೂ ನೋಡಿಕೊಂಡು ಮಾಡಬಹುದು. ಜೈನ ಅಡುಗೆಗೆಂದೇ ‘ಜೈನ್ ದೇಸಿ ಖಾನಾ’ದಂತಹ ಪುಸ್ತಕಗಳೂ ಇವೆ. ಚಳ್ಳಕೆರೆ, ಮೊಳಕಾಲ್ಮುರಿನಂತಹ ಊರುಗಳ ಹೋಟೆಲುಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ತಿಂಡಿ ಸಿಗುವುದು ಕಷ್ಟ. ಮಕ್ಕಳು ಪಾವ್ ಭಾಜಿ ಕೇಳಿದರೆ ಆಲೂಗಡ್ಡೆ ಬದಲು ಬಾಳೆಕಾಯಿ, ಬೆಳ್ಳುಳ್ಳಿ ಬದಲು ಇಂಗು ಹಾಕಿ ಮನೆಯಲ್ಲೇ ಮಾಡಿಕೊಡಬಹುದು. ಮಕ್ಕಳು ನಿಯಮದಲ್ಲಿ ಉಳಿಯಲು ಇದೂ ಒಂದು ದಾರಿ.

ಆದರೆ ‘ಜೈನ್’ ಎಂಬ ಹೆಸರು ನೋಡಿದ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ತರಕಾರಿ ಬಿಡುವವರು, ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು, ಹಿಂದಿನ ದಿನದ ಹಿಟ್ಟು ಬಳಸದವರು ಇದ್ದಾರೆ. ಇದನ್ನು ಪುಸ್ತಕ ಹೇಳಲಾರದು. ಮನೆಯ ಹಿರಿಯರನ್ನು ಕೇಳಬೇಕು. ಅಂಗಡಿಯ ಸಾಸ್, ಮಸಾಲೆ ಪೊಟ್ಟಣಗಳ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ತಿಳಿಸುತ್ತದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಬಹುದು, ಜೇನುತುಪ್ಪವೂ ಇರಬಹುದು. ಹಿಂಬದಿಯ ಪಟ್ಟಿ ಓದಿಯೇ ಕೊಳ್ಳಬೇಕು.

ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಏಳುವ ಪ್ರಶ್ನೆ ಇನ್ನೊಂದು: ಶೇಂಗಾ ಮಣ್ಣಿನೊಳಗೆ ಬೆಳೆಯುತ್ತದಲ್ಲ, ತಿನ್ನಬಹುದೇ? ಶೇಂಗಾ ಗೆಡ್ಡೆಯಲ್ಲ, ಬೇರೂ ಅಲ್ಲ. ಹೂವು ಮೇಲೆ ಅರಳಿ, ಅದರ ಕಾಯಿ ಮಣ್ಣಿಗಿಳಿದು ಬಲಿಯುತ್ತದೆ. ಅದು ಕಾಳು. ಆದ್ದರಿಂದ ಬಹುತೇಕ ಜೈನರು ಇದನ್ನು ಕಂದಮೂಲವೆಂದು ಎಣಿಸುವುದಿಲ್ಲ. ಬೆಳ್ಳುಳ್ಳಿ ಬಿಟ್ಟು, ಜೀರಿಗೆ, ಇಂಗು ಹಾಕಿದ ಶೇಂಗಾ ಚಟ್ನಿಪುಡಿ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ಅಡುಗೆಯನ್ನು ಬರೆದಿಡುವುದು ಕನ್ನಡ ಜೈನರಿಗೆ ಹೊಸದಲ್ಲ. ಸುಮಾರು 1025ರ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯ ವಿಷಯವಿದೆ. ಸುಮಾರು 1508ರಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು, ಅದೂ ಸಸ್ಯಾಹಾರದ ಗ್ರಂಥವೇ. ಅವರು ಬರೆದಿದ್ದರಿಂದ ಆ ಕಾಲದ ತಿಂಡಿಗಳು ಇಂದು ನಮಗೆ ತಿಳಿಯುತ್ತಿವೆ.

ನಮ್ಮ ಅಜ್ಜಿಯರ ಪಾರಣೆಯ ಅಡುಗೆ, ಪರ್ವದ ದಿನದ ತರಕಾರಿಯಿಲ್ಲದ ಸಾರು, ಪಲ್ಯಗಳು ಮಾತ್ರ ಅವರ ಕೈ ಅಳತೆಯಲ್ಲೇ ಉಳಿದಿವೆ. ಅವರು ಇರುವಾಗಲೇ ಪಕ್ಕದಲ್ಲಿ ನಿಂತು ಅಳತೆ ಮಾಡಿ, ಯಾವ ದಿನಕ್ಕೆ ಯಾವುದು ಸಲ್ಲುತ್ತದೆ ಎಂಬುದನ್ನೂ ಸೇರಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ತರಲಾ ದಲಾಲ್ ಅವರ ಪುಸ್ತಕದ ಪಕ್ಕದಲ್ಲಿ ಅದೂ ಇರಲಿ.