ಬೈಪಾಸ್ ನಂತರ ತಪ್ಪುವ ತಾಳಕ್ಕೆ ವಿಟಮಿನ್ ಸಿ ಮದ್ದೇ?

ಬೈಪಾಸ್ ಸರ್ಜರಿ ಮುಗಿದು, ವೆಂಟಿಲೇಟರ್ ತೆಗೆದು, ರೋಗಿ ಎದ್ದು ಕೂತು ಗಂಜಿ ಕುಡಿಯುವಷ್ಟರಲ್ಲಿ ಮನೆಯವರ ಎದೆ ಸ್ವಲ್ಪ ಹಗುರಾಗಿರುತ್ತದೆ. ಆದರೆ ಕೆಲವರಲ್ಲಿ, ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ, ಮಾನಿಟರಿನ ಗೆರೆ ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿಯಾಗುತ್ತದೆ. ಹೃದಯದ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ಒಟ್ಟಾಗಿ ಸಂಕುಚಿಸುವುದನ್ನು ಬಿಟ್ಟು ಅದುರತೊಡಗುತ್ತವೆ. ಇದೇ ಏಟ್ರಿಯಲ್ ಫಿಬ್ರಿಲೇಷನ್. ವೈದ್ಯರ ಬಾಯಲ್ಲಿ ಬರೀ ಎ.ಎಫ್. ಬೈಪಾಸ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ. ಕವಾಟದ ಸರ್ಜರಿಯೂ ಆಗಿದ್ದರೆ ಇನ್ನೂ ಹೆಚ್ಚು.

ಬಹಳ ಜನರಲ್ಲಿ ಇದು ಕೆಲವು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಅದುರುವ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಸಾಗಿದರೆ ಪಾರ್ಶ್ವವಾಯು. ಆಸ್ಪತ್ರೆವಾಸ ಬೆಳೆಯುತ್ತದೆ, ಸಾಲ ಮಾಡಿ ಸರ್ಜರಿಗೆ ಬಂದ ಮನೆಯ ಮೇಲೆ ಬಿಲ್ಲಿನ ಭಾರವೂ ಬೆಳೆಯುತ್ತದೆ.

ತಾಳ ತಪ್ಪಲು ಕಾರಣ ಒಂದೇ ಅಲ್ಲ. ಸರ್ಜರಿಯ ವೇಳೆ ಅನೇಕ ರೋಗಿಗಳಲ್ಲಿ ಹೃದಯವನ್ನು ನಿಲ್ಲಿಸಿ, ರಕ್ತವನ್ನು ಹಾರ್ಟ್-ಲಂಗ್ ಮಷೀನಿನ ಮೂಲಕ ಹರಿಸುತ್ತಾರೆ. ಹಸಿದಿದ್ದ ಸ್ನಾಯುವಿಗೆ ರಕ್ತ ಮರಳಿ ನುಗ್ಗಿದಾಗ ಸೂಪರಾಕ್ಸೈಡಿನಂಥ ಉಗ್ರ ಆಕ್ಸಿಜನ್ ಕಣಗಳು ಹೇರಳವಾಗಿ ಹುಟ್ಟುತ್ತವೆ. ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಯಾನುಗಳು ಜೀವಕೋಶದ ಒಳಹೊರಗೆ ಓಡಾಡುವ ದ್ವಾರಗಳನ್ನು ಅವು ಕೆಡಿಸುತ್ತವೆ. ಆಗ ವಿದ್ಯುತ್ ಸಂಕೇತ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಹರಿದು ಸುಳಿಯಾಗುತ್ತದೆ. ಉರಿಯೂತ ಮತ್ತು ಅಡ್ರಿನಲಿನ್ ಇದಕ್ಕೆ ಜೊತೆಗೂಡುತ್ತವೆ. ವಿಟಮಿನ್ ಸಿ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಇಂಥ ಕಣಗಳನ್ನು ತಣಿಸಬಲ್ಲದು. ಸರ್ಜರಿಯ ಹೊತ್ತಿನಲ್ಲಿ ಅದು ವೇಗವಾಗಿ ಖರ್ಚಾಗಿ, ರಕ್ತದಲ್ಲಿ ಅದರ ಮಟ್ಟ ಕುಸಿಯುತ್ತದೆ. ಹಾಗಾದರೆ ಮೊದಲೇ ತುಂಬಿಕೊಡಬಾರದೇಕೆ?

ಈ ಪ್ರಶ್ನೆಗೆ ಅಮೆರಿಕದ ಸಿಂಥಿಯಾ ಕಾರ್ನ್ಸ್ ಮತ್ತು ಸಂಗಡಿಗರು 2001ರಲ್ಲಿ ಆಸೆ ಹುಟ್ಟಿಸುವ ಉತ್ತರ ಕೊಟ್ಟರು. ಬೈಪಾಸ್‌ಗೆ ಮುಂಚೆ ಮತ್ತು ನಂತರ ವಿಟಮಿನ್ ಸಿ ಪಡೆದ 43 ರೋಗಿಗಳಲ್ಲಿ 16.3% ಮಂದಿಗೆ ಎ.ಎಫ್. ಬಂತು, ಅವರನ್ನು ಹೋಲುವ ಇತರರಲ್ಲಿ 34.9%. ಆದರೆ ಯಾರಿಗೆ ಮಾತ್ರೆ, ಯಾರಿಗಿಲ್ಲ ಎಂಬುದನ್ನು ಅಲ್ಲಿ ಚೀಟಿ ಎತ್ತಿದಂತೆ ನಿರ್ಧರಿಸಿರಲಿಲ್ಲ. 2007ರಲ್ಲಿ ಇರಾನಿನ ವೈದ್ಯರು ಹಾಗೆ ಗುಂಪು ಮಾಡಿಯೇ 100 ರೋಗಿಗಳಲ್ಲಿ ನೋಡಿದರು. ಎಲ್ಲರಿಗೂ ಹೃದಯಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಔಷಧ ಇತ್ತು. ಅದರ ಜೊತೆಗೆ ವಿಟಮಿನ್ ಸಿ ಪಡೆದವರಲ್ಲಿ ಎ.ಎಫ್. 4%, ಪಡೆಯದವರಲ್ಲಿ 26%.

ವಿಚಿತ್ರವೆನಿಸುವುದು ಮುಂದಿನ ಸಂಗತಿ. ಫಿನ್ಲೆಂಡಿನ ಹ್ಯಾರಿ ಹೆಮಿಲಾ ಮತ್ತು ಅವರ ಸಹೋದ್ಯೋಗಿ 2017ರಲ್ಲಿ ಎ.ಎಫ್. ತಡೆಗೆ ವಿಟಮಿನ್ ಸಿ ಕೊಟ್ಟು ನೋಡಿದ 15 ಪ್ರಯೋಗಗಳನ್ನು, ಸುಮಾರು ಎರಡು ಸಾವಿರ ರೋಗಿಗಳ ಲೆಕ್ಕವನ್ನು, ಒಟ್ಟಿಗೆ ಹರಡಿ ನೋಡಿದರು. ಅಮೆರಿಕದಲ್ಲಿ ನಡೆದ ಐದು ಪ್ರಯೋಗಗಳಲ್ಲಿ ಪ್ರಯೋಜನ ಸೊನ್ನೆ. ಅಮೆರಿಕದ ಹೊರಗೆ ಹೃದಯ ಸರ್ಜರಿಯಾದವರಲ್ಲಿ ನಡೆದ ಒಂಬತ್ತರಲ್ಲಿ ಎ.ಎಫ್. 44% ಕಡಿಮೆ!

ಒಂದೇ ವಿಟಮಿನ್ ದೇಶ ನೋಡಿ ಕೆಲಸ ಮಾಡುವುದೇ? ಮಾಡಬಹುದು, ರೋಗಿಯ ಮೈಯಲ್ಲಿ ಅದರ ಕೊರತೆ ಇದ್ದರೆ. ಹೊಟ್ಟೆ ತುಂಬಿದವನಿಗೆ ಇನ್ನೊಂದು ತುತ್ತು ಬೇಡ. ಅಮೆರಿಕದ ರೋಗಿಗಳಲ್ಲಿ ವಿಟಮಿನ್ ಸಿ ಮೊದಲೇ ಸಾಕಷ್ಟಿದ್ದಿರಬಹುದು. ಈ ಊಹೆ ನಿಜವಾದರೆ ನಮಗೆ ಅದರ ಮಹತ್ವ ದೊಡ್ಡದು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 60 ದಾಟಿದ ಭಾರತೀಯರ ರಕ್ತ ಪರೀಕ್ಷಿಸಿದಾಗ ಉತ್ತರದಲ್ಲಿ ಸುಮಾರು 74%, ದಕ್ಷಿಣದಲ್ಲಿ 46% ಮಂದಿಗೆ ವಿಟಮಿನ್ ಸಿ ಕೊರತೆ ಕಂಡಿತ್ತು. ನೆಲ್ಲಿಕಾಯಿ, ಸೀಬೆ ಬೆಳೆಯುವ ನಾಡಿನಲ್ಲಿ ಈ ಸ್ಥಿತಿ! ಹೃದಯ ಸರ್ಜರಿಗೆ ಬರುವವರಲ್ಲಿ ಈ ವಯಸ್ಸಿನವರು ಬಹಳ.

ಆದರೂ ನಾನು ಈಗಲೇ ಜೈ ಎನ್ನಲಾರೆ. ಸಣ್ಣ ಪ್ರಯೋಗಗಳು ಹಿಂದೆಯೂ ದಾರಿ ತಪ್ಪಿಸಿವೆ. ಮೀನೆಣ್ಣೆ ಎ.ಎಫ್. ತಡೆಯುತ್ತದೆ ಎಂಬ ಭರವಸೆಯಿತ್ತು. 2012ರಲ್ಲಿ 1,516 ರೋಗಿಗಳ ಪ್ರಯೋಗದಲ್ಲಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವೇ ಇರಲಿಲ್ಲ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಕಥೆಯೂ ಅದೇ. 2016ರಲ್ಲಿ ಚೀನಾದ 1,922 ರೋಗಿಗಳಲ್ಲಿ ಅದು ಸೋತಿತು. ವಿಟಮಿನ್ ಸಿಯ ವಿಷಯದಲ್ಲಿ ಅಷ್ಟು ದೊಡ್ಡ ಪರೀಕ್ಷೆ ಬೇಕೇ ಬೇಕು, ಅದೂ ಪ್ರತಿ ರೋಗಿಯ ರಕ್ತದಲ್ಲಿ ಅದರ ಮಟ್ಟವನ್ನು ಮೊದಲು ಅಳೆದು. ಕೆಲವೇ ರೂಪಾಯಿಯ, ಪೇಟೆಂಟ್ ಇಲ್ಲದ ಮಾತ್ರೆಗೆ ಯಾವ ಕಂಪನಿ ಕೋಟಿಗಟ್ಟಲೆ ಸುರಿದೀತು? ವರ್ಷಕ್ಕೆ ಸಾವಿರಾರು ಹೃದಯ ಸರ್ಜರಿ ಮಾಡುವ ನಮ್ಮ ಸರ್ಕಾರಿ ಸಂಸ್ಥೆಗಳು ಸೇರಿ ಇದನ್ನು ಕೈಗೆತ್ತಿಕೊಳ್ಳಬೇಕು.

ಅಲ್ಲಿಯವರೆಗೆ ಯಾರೂ ಸ್ವಂತ ಬುದ್ಧಿಯಿಂದ ಹೆಚ್ಚು ಡೋಸ್ ನುಂಗಬಾರದು. ಅತಿಯಾದರೆ ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾಗಬಹುದು. ರಕ್ತನಾಳಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕೆಲವು ಗ್ಲೂಕೋಮೀಟರುಗಳು ಸಕ್ಕರೆಯನ್ನು ಇಲ್ಲದಷ್ಟು ಹೆಚ್ಚಾಗಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಜೀವಕ್ಕೇ ಅಪಾಯ. ಸರ್ಜರಿಗೆ ಹೋಗುವ ಮುನ್ನ ನೀವು ತೆಗೆದುಕೊಳ್ಳುವ ವಿಟಮಿನ್ ಮಾತ್ರೆಗಳ ವಿವರವನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ, ಅವರು ಬರೆದ ಬೀಟಾ ಬ್ಲಾಕರನ್ನು ಅವರು ಹೇಳದೆ ನಿಲ್ಲಿಸಬೇಡಿ.