ಹುಳಿಹಿಟ್ಟು

ಪುಣೆಯ ಜನಕ್ಕೆ ಬೇಕರಿ ಹೊಸದಲ್ಲ. ಈಸ್ಟ್ ಸ್ಟ್ರೀಟಿನಲ್ಲಿ 1955ರಲ್ಲಿ ಆರಂಭವಾದ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತನ್ನು ಅರಿಯದವರು ಈ ಊರಿನಲ್ಲಿ ವಿರಳ. ಪೋರ್ತುಗೀಜರ ನುಡಿಯಿಂದ ಬಂದ 'ಪಾವ್' ಎಂಬ ಮಾತಂತೂ ಬೀದಿಬೀದಿಯದಾಗಿದೆ. ಈಚಿನ ವರ್ಷಗಳಲ್ಲಿ ಇಲ್ಲಿಯ ಕೆಲವು ಸಣ್ಣ ಬೇಕರಿಗಳು 'ಸಾರ್‌ಡೋ' ಎಂಬ, ಗಟ್ಟಿ ಮೇಲ್ಪದರದ ಬ್ರೆಡ್ಡನ್ನು ಮಾರತೊಡಗಿವೆ. ಅದರ ಬೆಲೆ ಪಾವಿನ ಬೆಲೆಗಿಂತ ಬಹಳ ಹೆಚ್ಚು. ಅದರಲ್ಲಿ ಅಂಥದೇನಿದೆ?

ಪಾವಿನ ಹಿಟ್ಟಿಗೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಬೆಳೆಸಿದ ಯೀಸ್ಟನ್ನು ಬೆರೆಸುತ್ತಾರೆ. ಕೆಲವೇ ಗಂಟೆಗಳಲ್ಲಿ ಹಿಟ್ಟು ಉಬ್ಬುತ್ತದೆ. (ಹಿಂದೆ ಗೋವೆಯಲ್ಲಿ ಈ ಕೆಲಸವನ್ನು ತೆಂಗಿನ ಸೇಂದಿಯೇ ಮಾಡುತ್ತಿತ್ತು.) ಸಾರ್‌ಡೋ ಮಾಡುವವನು ಯೀಸ್ಟನ್ನು ಕೊಳ್ಳುವುದಿಲ್ಲ. ಗೋದಿಹಿಟ್ಟು ಮತ್ತು ನೀರನ್ನು ಸಮತೂಕದಲ್ಲಿ ಕಲಸಿ ಇಡುತ್ತಾನೆ. ಪ್ರತಿದಿನ ಅರ್ಧದಷ್ಟನ್ನು ತೆಗೆದು ಹೊಸ ಹಿಟ್ಟು ನೀರು ಸೇರಿಸುತ್ತಾನೆ. ಸುಮಾರು ಒಂದು ವಾರದಲ್ಲಿ ಅದು ಗುಳ್ಳೆಯೆದ್ದು ಹುಳಿವಾಸನೆ ಬೀರುತ್ತದೆ. ಇದೇ ಹುಳಿಹಿಟ್ಟು. ಮೊಸರಿಗೆ ಹೆಪ್ಪು ಹೇಗೋ ಈ ಬ್ರೆಡ್ಡಿಗೆ ಇದು ಹಾಗೆ. ಸ್ವಲ್ಪ ಉಳಿಸಿಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ.

ಇದರಲ್ಲಿ ಎರಡು ಬಗೆಯ ಸೂಕ್ಷ್ಮಜೀವಿಗಳು ಒಟ್ಟಿಗೆ ಬಾಳುತ್ತವೆ. ಯೀಸ್ಟು ಹಿಟ್ಟಿನ ಸಕ್ಕರೆಯನ್ನುಂಡು ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಬಿಡುತ್ತದೆ. ಬ್ಯಾಕ್ಟೀರಿಯವು ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳನ್ನು ಉಂಟುಮಾಡುತ್ತದೆ. ಹುಳಿಯಲ್ಲಿ ಬೂಷ್ಟು ಸುಲಭವಾಗಿ ಬೆಳೆಯದಾದ್ದರಿಂದ ಬ್ರೆಡ್ಡು ಹೆಚ್ಚು ದಿನ ಕೆಡದೆ ಉಳಿಯುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಹುಳಿಹಿಟ್ಟಿನಲ್ಲಿ ದೊರೆತ ಬ್ಯಾಕ್ಟೀರಿಯವೊಂದಕ್ಕೆ ವಿಜ್ಞಾನಿಗಳು 1971ರಲ್ಲಿ ಆ ಊರಿನ ಹೆಸರನ್ನೇ ಇಟ್ಟರು.

ಇನ್ನು ನಿಮ್ಮ ಮನೆಯ ಅಡುಗೆಮನೆಗೆ ಬನ್ನಿ. ಅಲ್ಲಿ ಇಡ್ಲಿಯ ಹಿಟ್ಟು ರಾತ್ರಿಯೆಲ್ಲ ಮಾಡುವ ಕೆಲಸವೂ ಇದೇ. ಅದಕ್ಕೆ ಯಾರೂ ಯೀಸ್ಟು ಹಾಕುವುದಿಲ್ಲ. ಉದ್ದು ಮತ್ತು ಅಕ್ಕಿಯೊಡನೆಯೇ ಬಂದ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯವು ಹುಳಿಯನ್ನೂ ಅನಿಲವನ್ನೂ ತಾನೇ ಒದಗಿಸುತ್ತದೆ. 'ಇಡ್ಡಲಿಗೆ' ಎಂಬ ಹೆಸರು 10ನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಉಂಟು. ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದ ಮನೆಗಳಲ್ಲಿ ಜೋಳದ ಹಿಟ್ಟನ್ನು ಹುಳಿ ಬರಿಸಿ ಕಾಯಿಸುವ ಅಂಬಲಿಯೂ ಇದೇ ಕುಲದ್ದು. ಹುಳಿದೋಸೆಯ ವಾಸನೆಗೆ ನಾಚಿ ಡಬ್ಬಿಯ ಮುಚ್ಚಳವನ್ನು ಅರ್ಧವೇ ತೆರೆಯುವ ಮಕ್ಕಳನ್ನು ನಾವು ತರಗತಿಗಳಲ್ಲಿ ಕಂಡಿದ್ದೇವೆ. ಬೇಕರಿಯವನು ಹೆಚ್ಚಿನ ಬೆಲೆಗೆ ಮಾರುವುದು ಆ ವಾಸನೆಯ ಸೋದರನನ್ನೇ!

ಹಾಗಾದರೆ ಜೋಳದ ಹುಳಿಹಿಟ್ಟಿನಿಂದ ಬ್ರೆಡ್ಡು ಏಕಾಗದು? ಗೋದಿಯಲ್ಲಿ ಗ್ಲೂಟೆನ್ ಎಂಬ ಅಂಟು ಉಂಟು. ನಾದಿದಾಗ ಅದು ಬಲೆಯಂತೆ ಹಬ್ಬಿ ಅನಿಲವನ್ನು ಹಿಡಿದಿಡುತ್ತದೆ. ಬ್ರೆಡ್ಡಿನ ತೂತುಗಳು ಆ ಗುಳ್ಳೆಗಳ ಗುರುತುಗಳೇ. ಜೋಳದಲ್ಲಿ ಆ ಬಲೆಯಿಲ್ಲ. ಇಡ್ಲಿಯಲ್ಲಿ ಗುಳ್ಳೆಯನ್ನು ಹಿಡಿಯುವುದು ಉದ್ದಿನ ಲೋಳೆ.

ಈ ಜೀವಿಗಳಿಗೆ ಚಳಿ ಒಗ್ಗದು. ಮೇ ತಿಂಗಳಲ್ಲಿ ಪಾತ್ರೆ ಮೀರಿ ಉಕ್ಕುವ ಹಿಟ್ಟು ಪುಣೆಯ ಡಿಸೆಂಬರಿನಲ್ಲಿ ಬೆಳಗಾದರೂ ಏಳದೆ ಕುಳಿತಿರುತ್ತದೆ. ತಾಯಂದಿರು ಪಾತ್ರೆಯನ್ನು ಒಲೆಯ ಬದಿಗೆ ಸರಿಸುವುದು ಇದಕ್ಕಾಗಿಯೇ. ಬೇಕರಿಯವನದು ಬೇರೆ ಲೆಕ್ಕ. ಅವನು ನಾದಿದ ಹಿಟ್ಟನ್ನು ಬೇಕೆಂದೇ ಇರುಳೆಲ್ಲ ಶೀತಪೆಟ್ಟಿಗೆಯಲ್ಲಿಡುತ್ತಾನೆ. ಉಬ್ಬುವುದು ತಡವಾದಷ್ಟೂ ರುಚಿ ಬಲಿಯಲು ವೇಳೆ ದೊರೆಯುತ್ತದೆ. ಬೆಳಗ್ಗೆ ತೆಗೆದು, 230 ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾದ ಒಲೆಗೆ ನೂಕುತ್ತಾನೆ.