ಕಣ್ಣಿನ ಡಾಕ್ಟರ್‌ಗಳೆಲ್ಲ ಒಂದೇ ಅಲ್ಲ: ಯಾವ ತೊಂದರೆಗೆ ಯಾರ ಬಳಿ ಹೋಗಬೇಕು?

ಖಾಸಗಿ ಕಣ್ಣಿನ ಆಸ್ಪತ್ರೆಯ ಬಾಗಿಲಲ್ಲಿ ತೂಗುಹಾಕಿರುವ ಬೋರ್ಡ್ ನೋಡಿದ್ದೀರಾ? ಐದಾರು ಡಾಕ್ಟರ್‌ಗಳ ಹೆಸರು, ಪ್ರತಿ ಹೆಸರಿನ ಕೆಳಗೆ ರೆಟಿನಾ, ಕಾರ್ನಿಯಾ, ಗ್ಲಾಕೋಮಾ, ಆಕ್ಯುಲೋಪ್ಲಾಸ್ಟಿ ಎಂಬ ಪದಗಳು. ಇರುವುದು ಎರಡೇ ಕಣ್ಣು, ಅದಕ್ಕೆ ಇಷ್ಟೊಂದು ಜನ ಯಾಕೆ? ಬಿಲ್ ಹೆಚ್ಚಿಸಲು ಇರಬಹುದೇ ಎಂಬ ಅನುಮಾನ ಬರುವುದು ಸಹಜ.

ವಿಷಯ ಹಾಗಿಲ್ಲ. ಕಣ್ಣಿನ ಒಂದೊಂದು ಭಾಗಕ್ಕೆ ಬರುವ ಕಾಯಿಲೆ ಬೇರೆ, ಅದನ್ನು ನೋಡುವ ಉಪಕರಣ ಬೇರೆ, ಚಿಕಿತ್ಸೆ ಬೇರೆ. ಮುಖ್ಯವಾಗಿ, ಚಿಕಿತ್ಸೆಗೆ ಇರುವ ಸಮಯವೂ ಬೇರೆ. ಕೆಲವು ಕಾಯಿಲೆಗಳಲ್ಲಿ ಆರು ತಿಂಗಳು ಕಾಯಬಹುದು, ಕೆಲವದರಲ್ಲಿ ಒಂದು ದಿನವೂ ಕಾಯುವಂತಿಲ್ಲ.

ಮೊದಲು ಈ ಮೂವರನ್ನು ಗುರುತಿಸಿ

ಆಪ್ಟಿಶಿಯನ್ ಕನ್ನಡಕ ಮಾಡಿಕೊಡುವವರು. ಆಪ್ಟೋಮೆಟ್ರಿಸ್ಟ್ ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಹೇಳುವ ತರಬೇತಿ ಪಡೆದವರು. ನೇತ್ರತಜ್ಞರು ಎಂಬಿಬಿಎಸ್ ಮುಗಿಸಿ, ನಂತರ ಕಣ್ಣಿನ ವಿಷಯದಲ್ಲೇ ಎಂಎಸ್ ಅಥವಾ ಡಿಎನ್‌ಬಿಯಂಥ ಪದವಿ ಪಡೆದ ವೈದ್ಯರು. ಕಾಯಿಲೆ ಪತ್ತೆ ಮಾಡಿ ಔಷಧ ಕೊಡುವವರು, ಆಪರೇಷನ್ ಮಾಡುವವರು ಇವರೇ. ಇವರಲ್ಲಿ ಹಲವರು ಮುಂದೆ ಫೆಲೋಶಿಪ್ ಮಾಡಿ ಕಣ್ಣಿನ ಒಂದು ಭಾಗದಲ್ಲಿ ಹೆಚ್ಚಿನ ತರಬೇತಿ ಪಡೆಯುತ್ತಾರೆ. ಬೋರ್ಡ್‌ನಲ್ಲಿ ಹೆಸರಿನ ಕೆಳಗಿರುವುದು ಸಾಮಾನ್ಯವಾಗಿ ಅದೇ.

ಕನ್ನಡಕದ ಅಂಗಡಿಯ ‘ಕಂಪ್ಯೂಟರ್ ಐ ಟೆಸ್ಟ್’ ಅಳೆಯುವುದು ನಂಬರನ್ನು ಮಾತ್ರ. ಒಳಗಿನ ಕಾಯಿಲೆ ಅದರಲ್ಲಿ ತಿಳಿಯುವುದಿಲ್ಲ.

ಪೊರೆ: ‘ಹಣ್ಣಾಗಲಿ’ ಎಂದು ಕಾಯಬೇಕೇ?

ಬೇಡ. ಹಿಂದಿನ ಕಾಲದ ಆಪರೇಷನ್ ವಿಧಾನಕ್ಕೆ ಪೊರೆ ಗಟ್ಟಿಯಾಗುವವರೆಗೆ ಕಾಯುವ ರೂಢಿ ಇತ್ತು. ಈಗ ಸಣ್ಣ ರಂಧ್ರದಿಂದ ಮಸುಕಾದ ಮಸೂರವನ್ನು ಪುಡಿಮಾಡಿ ತೆಗೆದು, ಕೃತಕ ಲೆನ್ಸ್ ಹಾಕುತ್ತಾರೆ. ಓದುವುದಕ್ಕೆ, ಓಡಾಡುವುದಕ್ಕೆ, ಗಾಡಿ ಓಡಿಸುವುದಕ್ಕೆ ತೊಂದರೆಯಾದಾಗ ಮಾಡಿಸಿಕೊಳ್ಳಬಹುದು. ತೀರಾ ಬಲಿತರೆ ಆಪರೇಷನ್ನೇ ಕಷ್ಟವಾಗುತ್ತದೆ. ಪೊರೆ ಕರಗಿಸುವ ಹನಿಯಾಗಲಿ, ಜೇನಾಗಲಿ, ಈರುಳ್ಳಿ ರಸವಾಗಲಿ ಇಲ್ಲ. ಈ ಆಪರೇಷನ್‌ಗೆ ಸಾಮಾನ್ಯ ನೇತ್ರತಜ್ಞರು ಸಾಕು.

ರೆಟಿನಾ: ಶುಗರ್ ಇದ್ದವರು ಗಮನಿಸಿ

ರೆಟಿನಾ ಎಂದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರ. ಸಕ್ಕರೆ ಕಾಯಿಲೆ ಇಲ್ಲಿನ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಮೊದಮೊದಲು ನೋವಿಲ್ಲ, ಮಬ್ಬಿಲ್ಲ. ‘ನನಗೆ ಚೆನ್ನಾಗಿಯೇ ಕಾಣುತ್ತಿದೆ’ ಎಂದು ಸುಮ್ಮನಿರುವವರಿಗೆ ಗೊತ್ತಾಗುವಷ್ಟರಲ್ಲಿ ರಕ್ತಸ್ರಾವವೇ ಆಗಿರಬಹುದು. ಆದ್ದರಿಂದ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಶುಗರ್ ಪತ್ತೆಯಾದ ಕೂಡಲೇ ಒಮ್ಮೆ, ನಂತರ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಬೇಕು. ಲೇಸರ್, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಆಪರೇಷನ್ ಇವೆಲ್ಲ ರೆಟಿನಾ ತಜ್ಞರ ಕೆಲಸ. ಕಣ್ಣಿಗೆ ಇಂಜೆಕ್ಷನ್ ಎಂದರೆ ಹೆದರಿಕೆಯಾಗುತ್ತದೆ, ನಿಜ. ಆದರೆ ಮರಗಟ್ಟಿಸುವ ಹನಿ ಹಾಕಿಯೇ ಕೊಡುತ್ತಾರೆ.

ಗ್ಲಾಕೋಮಾ: ಸದ್ದಿಲ್ಲದೆ ಕದಿಯುವ ಕಾಯಿಲೆ

ಇಲ್ಲಿ ಕಣ್ಣಿನಿಂದ ಮೆದುಳಿಗೆ ಹೋಗುವ ನರ ಹಾಳಾಗುತ್ತದೆ. ಬಹಳಷ್ಟು ಸಲ ಕಣ್ಣಿನೊಳಗಿನ ಒತ್ತಡ ಹೆಚ್ಚಾಗುವುದೇ ಇದಕ್ಕೆ ಕಾರಣ. ಇದು ರಕ್ತದೊತ್ತಡವಲ್ಲ, ಬಿಪಿ ಸರಿ ಇದ್ದವರಿಗೂ ಬರಬಹುದು. ಪಕ್ಕದ ನೋಟ ಮೊದಲು ಹೋಗುವುದರಿಂದ ಬೇಗ ಗೊತ್ತಾಗುವುದಿಲ್ಲ. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದಿರುವುದನ್ನು ಹನಿ, ಲೇಸರ್ ಅಥವಾ ಆಪರೇಷನ್‌ನಿಂದ ಕಾಪಾಡಬಹುದು. ಪೊರೆಗೂ ಗ್ಲಾಕೋಮಾಗೂ ಇರುವ ದೊಡ್ಡ ವ್ಯತ್ಯಾಸ ಇದೇ. ವಯಸ್ಸು 40 ದಾಟಿದವರು, ಅದರಲ್ಲೂ ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕಾಯಿಲೆ ಇದ್ದವರು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ‘ಮದ್ರಾಸ್ ಐ’ ಬಂದಾಗ, ಕಣ್ಣು ಕೆರೆದಾಗ ಮೆಡಿಕಲ್ ಸ್ಟೋರಿನಿಂದ ತರುವ ಹನಿಗಳಲ್ಲಿ ಕೆಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ. ಬೇಗ ಆರಾಮ ಸಿಗುತ್ತದೆ ಎಂದು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಚೀಟಿ ಇಲ್ಲದೆ ಹನಿ ಹಾಕಿಕೊಳ್ಳಬೇಡಿ.

ಕಾರ್ನಿಯಾ: ಪೂರ್ತಿ ಕಣ್ಣು ಬದಲಿಸುತ್ತಾರೆಯೇ?

ಇಲ್ಲ. ‘ನೇತ್ರದಾನದ ಕಣ್ಣು ಹಾಕಿದರು’ ಎಂದರೆ ಇಡೀ ಗುಡ್ಡೆ ಬದಲಿಸಿದರು ಎಂದು ಅರ್ಥವಲ್ಲ. ಕಪ್ಪು ಗುಡ್ಡೆಯ ಮೇಲಿರುವ ಗಾಜಿನಂಥ ಪದರವೇ ಕಾರ್ನಿಯಾ. ಕಸಿ ಮಾಡುವುದು ಅದನ್ನು ಮಾತ್ರ. 2021ರ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೇಗೆ? ಪ್ರತಿ ಕಾರ್ನಿಯಾವನ್ನು ಮುಂದಿನ ಮತ್ತು ಹಿಂದಿನ ಪದರಗಳಾಗಿ ಬಿಡಿಸಿ, ಯಾರಿಗೆ ಯಾವ ಪದರ ಹಾಳಾಗಿತ್ತೋ ಅವರಿಗೆ ಅದನ್ನೇ ಹಾಕಿದರು. ಇಂಥ ಕೆಲಸಕ್ಕೇ ಕಾರ್ನಿಯಾ ತಜ್ಞರು ಬೇಕಾಗುವುದು. ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣು ಪಡೆಯಬೇಕು. ಕನ್ನಡಕ ಹಾಕಿದವರು, ಪೊರೆ ಆಪರೇಷನ್ ಆದವರು ಕೂಡ ದಾನ ಮಾಡಬಹುದು.

ಹೊಲದಲ್ಲಿ ಕಣ್ಣಿಗೆ ಭತ್ತದ ಹೊಟ್ಟು ಹಾರಿದರೆ, ಕಬ್ಬಿನ ಗರಿ ತಗುಲಿದರೆ ಗಾಯದ ಜಾಗದಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗಬಹುದು. ಎದೆಹಾಲು, ಹರಳೆಣ್ಣೆ ಹಾಕುವುದು, ನಾಲಿಗೆಯಿಂದ ಕಸ ತೆಗೆಸುವುದು ಸೋಂಕಿಗೆ ದಾರಿ. ನೋವು, ಕೆಂಪು, ಬಿಳಿ ಚುಕ್ಕೆ ಕಂಡರೆ ಅಂದೇ ತೋರಿಸಿ.

ಮಕ್ಕಳ ಕಣ್ಣು: ಮೆಳ್ಳೆಗಣ್ಣು ಅದೃಷ್ಟವೇ?

‘ಮೆಳ್ಳೆಗಣ್ಣು ಅದೃಷ್ಟ, ದೊಡ್ಡವನಾದಂತೆ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಓರೆಯಾದ ಕಣ್ಣಿನ ಚಿತ್ರವನ್ನು ಮೆದುಳು ಬಳಸದೆ ಬಿಟ್ಟರೆ ಆ ಕಣ್ಣು ‘ಸೋಮಾರಿ’ಯಾಗುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ, ಒಳ್ಳೆಯ ಕಣ್ಣಿಗೆ ಪಟ್ಟಿ ಮುಂತಾದ ಚಿಕಿತ್ಸೆ ಚೆನ್ನಾಗಿ ಫಲ ಕೊಡುತ್ತದೆ, ತಡವಾದಷ್ಟೂ ಕಷ್ಟ. ಮಗುವಿನ ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಕೂಡಲೇ ತೋರಿಸಬೇಕು. ಅದು ಕ್ಯಾನ್ಸರ್ ಗಡ್ಡೆಯ ಸೂಚನೆಯೂ ಆಗಿರಬಹುದು.

ಅವಧಿಗೆ ಮೊದಲೇ, ಅಂದರೆ 34 ವಾರದೊಳಗೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಶಿಶುಗಳ ರೆಟಿನಾವನ್ನು ಹುಟ್ಟಿದ 30 ದಿನದೊಳಗೆ ಪರೀಕ್ಷಿಸಬೇಕು. ಬಾಣಂತಿಯನ್ನು ಮನೆಯಿಂದ ಹೊರಗೆ ಕಳಿಸಬಾರದು ಎಂಬ ಕಾರಣಕ್ಕೆ ಇದನ್ನು ಮುಂದೂಡಬೇಡಿ.

ಉಳಿದ ತಜ್ಞರು

ರೆಪ್ಪೆ ಜೋತುಬಿದ್ದರೆ, ಸದಾ ನೀರು ಸುರಿಯುತ್ತಿದ್ದರೆ, ಕೃತಕ ಕಣ್ಣು ಬೇಕಿದ್ದರೆ ಆಕ್ಯುಲೋಪ್ಲಾಸ್ಟಿ ತಜ್ಞರು. ವಸ್ತುಗಳು ಎರಡೆರಡಾಗಿ ಕಂಡರೆ, ನರದ ತೊಂದರೆಯಿದ್ದರೆ ನ್ಯೂರೋ ನೇತ್ರತಜ್ಞರು. ಕಣ್ಣಿನೊಳಗೆ ಪದೇ ಪದೇ ಉರಿಯೂತವಾದರೆ ಯುವಿಯಾ ತಜ್ಞರು. ಇದರ ಹಿಂದೆ ಕ್ಷಯ, ಸಂಧಿವಾತ ಇರಬಹುದಾದ್ದರಿಂದ ರಕ್ತಪರೀಕ್ಷೆ ಬರೆದುಕೊಟ್ಟರೆ ಅಚ್ಚರಿಪಡಬೇಡಿ.

ತಜ್ಞರನ್ನು ಹುಡುಕುತ್ತಾ ಕೂರಬಾರದ ಸಂದರ್ಭಗಳು

ಈ ಕೆಳಗಿನವು ಆದರೆ ಹತ್ತಿರ ಯಾವ ಕಣ್ಣಿನ ಆಸ್ಪತ್ರೆ ಇದೆಯೋ ಅಲ್ಲಿಗೆ ಅಂದೇ ಹೋಗಿ:

- ಇದ್ದಕ್ಕಿದ್ದಂತೆ ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳ ಮಳೆಯಂತೆ, ಪರದೆ ಇಳಿದಂತೆ ಕಂಡರೆ. ರೆಟಿನಾ ಕಳಚುತ್ತಿರಬಹುದು.
- ದಿಢೀರನೆ ದೃಷ್ಟಿ ಹೋದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ.
- ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ.
- ಎಲೆ ಅಡಿಕೆಯ ಸುಣ್ಣ, ಆ್ಯಸಿಡ್, ಟಾಯ್ಲೆಟ್ ಕ್ಲೀನರ್ ಕಣ್ಣಿಗೆ ಸಿಡಿದರೆ. ಇಲ್ಲಿ ಮಾತ್ರ ಹೊರಡುವ ಮೊದಲು ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ ತೊಳೆಯಿರಿ.

ಕ್ಲಿನಿಕ್‌ಗೆ ಹೋಗುವಾಗ

ಕಾಯಿಲೆ ಯಾವುದೆಂದು ಗೊತ್ತಿಲ್ಲದಿದ್ದರೆ ನೀವೇ ತಜ್ಞರನ್ನು ಆರಿಸಬೇಕಿಲ್ಲ. ಸಾಮಾನ್ಯ ನೇತ್ರತಜ್ಞರು ನೋಡಿ, ಅಗತ್ಯವಿದ್ದರೆ ಮುಂದಕ್ಕೆ ಕಳಿಸುತ್ತಾರೆ. ಹಳೆಯ ಚೀಟಿ, ಕನ್ನಡಕ, ಶುಗರ್ ರಿಪೋರ್ಟ್ ಒಯ್ಯಿರಿ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಮಬ್ಬಾಗುತ್ತದೆ, ಬೈಕ್ ಓಡಿಸಬೇಡಿ, ಜೊತೆಗೊಬ್ಬರು ಇರಲಿ. ವೈದ್ಯರ ನೋಂದಣಿ ಸಂಖ್ಯೆ ಚೀಟಿಯಲ್ಲಿ ಇರಬೇಕೆಂಬುದು ನಿಯಮ, ಅದನ್ನು ನೋಡಿಕೊಳ್ಳಿ. ಆಪರೇಷನ್ ಹೇಳಿದರೆ, ‘ಈಗ ಮಾಡಿಸದಿದ್ದರೆ ಏನಾಗುತ್ತದೆ? ಎಷ್ಟು ದಿನ ಕಾಯಬಹುದು?’ ಎಂದು ಕೇಳಿ. ಪೊರೆಯಾದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಲು ಸಾಮಾನ್ಯವಾಗಿ ಸಮಯವಿರುತ್ತದೆ. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗವಿದೆ. ಬೆಂಗಳೂರಿನಲ್ಲಿ ಶತಮಾನ ದಾಟಿದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ.

ಮುಂದಿನ ಸಲ ಕಣ್ಣಿಗೆ ಮನೆಮದ್ದು ಹೇಳುವ ಫಾರ್ವರ್ಡ್ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕಣ್ಣಿನ ಯಾವ ಭಾಗದ, ಯಾವ ಕಾಯಿಲೆಗೆ? ಅದಕ್ಕೆ ಉತ್ತರ ಇಲ್ಲದ ಫಾರ್ವರ್ಡ್ ಅನ್ನು ಮುಂದೆ ಕಳಿಸಬೇಡಿ. ಮನೆಯಲ್ಲಿ ಶುಗರ್ ಇರುವವರಿದ್ದರೆ, ಅವರು ಕೊನೆಯ ಸಲ ರೆಟಿನಾ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಇಂದೇ ವಿಚಾರಿಸಿ.